ಊರಿನ ಬಸ್ಸು, ಊರಿನ ಆಪತ್ತು

(ಬಾದನಹಟ್ಟಿಯಲ್ಲಿ ಶರಣರ ಗೋಷ್ಠಿಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಕೊಟ್ಟ ವಿಷಯ ‘ಕಾಯಕ ಮತ್ತು ದಾಸೋಹ’. ಈ ಎರಡು ಮಾತುಗಳ ಮೇಲೆ ನೀವು ಇಂಥ ವೇದಿಕೆಗಳಲ್ಲಿ ಎಷ್ಟೋ ಉಪನ್ಯಾಸ ಕೇಳಿದ್ದೀರಿ. ನಾನು ಇನ್ನೊಂದನ್ನು ಸೇರಿಸಿದರೆ ಕೇಳುವ ನಿಮಗೂ ನಿದ್ದೆ ಬರುತ್ತದೆ, ಹೇಳುವ ನನಗೂ ಬರುತ್ತದೆ. ಹಾಗಾಗಿ ಇವತ್ತು ಬಸ್ಸಿನ ಬಗ್ಗೆ ಮಾತಾಡುತ್ತೇನೆ. ಬಸ್ಸು, ಹೊಳೆ, ಹಾವು, ಬೆಂಕಿ. ಪೂಜ್ಯರ ಅಪ್ಪಣೆ ಪಡೆದೇ ನಿಂತಿದ್ದೇನೆ.

2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ತಾಲ್ಲೂಕಿನ ಕೊಳಗಲ್ಲು ಹತ್ತಿರ ಒಂದು ಆಟೋ ತುಂಗಭದ್ರಾ ಕಾಲುವೆಗೆ ಬಿತ್ತು. ಅದರಲ್ಲಿದ್ದವರು ಹೊಲದ ಕೂಲಿಗೆ ಹೊರಟ ಹೆಣ್ಣುಮಕ್ಕಳು. ಬುತ್ತಿ ಕಟ್ಟಿಕೊಂಡು ಹೋದವರಲ್ಲಿ ಕೆಲವರು ಮನೆಗೆ ಮರಳಲಿಲ್ಲ. ಆ ವಾರ ಎಲ್ಲರೂ ಮರುಗಿದರು. ಚಾಲಕನನ್ನು ಬೈದರು, ತಡೆಗೋಡೆ ಇಲ್ಲದ ಕಾಲುವೆಯನ್ನು ಬೈದರು. ಅದೆಲ್ಲ ಸರಿಯೇ. ಆದರೆ ಒಂದು ಪ್ರಶ್ನೆಯನ್ನು ಬಹಳ ಜನ ಕೇಳಲಿಲ್ಲ. ಅಷ್ಟು ಜನ ಒಂದೇ ಆಟೋದಲ್ಲಿ ಯಾಕೆ ತುಂಬಿಕೊಳ್ಳುತ್ತಾರೆ? ಭತ್ತದ ನಾಟಿ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು, ಇವೆಲ್ಲ ಬೆಳಿಗ್ಗೆ ಬೇಗ ಶುರುವಾಗುವ ಕೆಲಸ. ಬಸ್ಸು ಮಾತ್ರ ಕಚೇರಿಯ ಹೊತ್ತಿಗೆ ಬರುತ್ತದೆ. ಕೂಲಿಯವರ ಗಡಿಯಾರವೇ ಬೇರೆ, ಬಸ್ಸಿನ ಗಡಿಯಾರವೇ ಬೇರೆ. ಈ ಎರಡರ ನಡುವಿನ ಹೊತ್ತಿನಲ್ಲಿ ಓಡುವುದು ಆಟೋ, ಟಂಟಂ, ಟ್ರ್ಯಾಕ್ಟರ್ ಟ್ರಾಲಿ. ಕಾಲುವೆಯ ದಂಡೆಯೇ ದಾರಿ.

ಹಾಗಾಗಿ ಬಸ್ಸು ಬರೀ ಅನುಕೂಲದ ಮಾತಲ್ಲ. ಹತ್ತನೆಯತ್ತೆಯ ತನಕ ಓದಿದ ಹುಡುಗಿ ಕುರುಗೋಡಿಗೋ ಸಿರುಗುಪ್ಪಕ್ಕೋ ಕಾಲೇಜಿಗೆ ಹೋಗುತ್ತಾಳೋ ಇಲ್ಲವೋ ಎಂಬುದನ್ನು ಅನೇಕ ಮನೆಗಳಲ್ಲಿ ತೀರ್ಮಾನಿಸುವುದು ಅಪ್ಪ ಅಲ್ಲ, ಸಂಜೆಯ ಬಸ್ಸು. ‘ಕತ್ತಲಾದ ಮೇಲೆ ಬರುತ್ತಾಳೆ, ಬೇಡ’ ಎಂದು ತಂದೆ ಹೇಳಿದರೆ ಅವನನ್ನು ಹಿಂದುಳಿದವನು ಎಂದು ಬೈದು ಬಿಡುವುದು ಸುಲಭ. ಬಸ್ಸನ್ನು ಒಂದು ತಾಸು ಹಿಂದೆ ಸರಿಸಿದರೆ ಅದೇ ತಂದೆ ಹೂಂ ಎನ್ನುತ್ತಾನೆ. ಹೆಣ್ಣುಮಕ್ಕಳಿಗೂ ಅನುಭವ ಮಂಟಪದಲ್ಲಿ ಸ್ಥಾನವಿತ್ತು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಲ್ಲಿಗೆ ಬರಲು ಅವರಿಗೆ ದಾರಿಯೂ ಇತ್ತು ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮ ಭಾಗಕ್ಕೆ ಬಸ್ಸು ಓಡಿಸುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. 2000ದಲ್ಲಿ ಈಶಾನ್ಯ ಕರ್ನಾಟಕ ಸಾರಿಗೆ ಎಂದು ಬೇರೆಯಾಯಿತು, 2021ರಲ್ಲಿ ಹೆಸರು ಬದಲಾಯಿತು. ಕೇಂದ್ರ ಕಚೇರಿ ಕಲಬುರಗಿ. ಗ್ರಾಮ ಪಂಚಾಯ್ತಿಗೆ ಬಸ್ಸಿನ ಮೇಲೆ ಅಧಿಕಾರ ಇಲ್ಲ, ಅದು ನಿಜ. ಪಂಚಾಯ್ತಿ ಠರಾವು ಮಾಡಬಹುದು, ಡಿಪೋ ಮ್ಯಾನೇಜರಿಗೆ ಕಳಿಸಬಹುದು, ಬಳ್ಳಾರಿಯ ವಿಭಾಗೀಯ ನಿಯಂತ್ರಣಾಧಿಕಾರಿಗೆ ಕಳಿಸಬಹುದು. ಅಷ್ಟಕ್ಕೆ ನಮ್ಮ ಜನ ‘ನಮ್ಮ ಕೈಯಲ್ಲಿ ಏನಿದೆ ಸ್ವಾಮಿ’ ಎಂದು ಕೈ ತೊಳೆದುಕೊಳ್ಳುತ್ತಾರೆ. ಆಮೇಲೆ ಶಾಸಕರ ಅನುದಾನದಲ್ಲೋ ಸಂಸದರ ಅನುದಾನದಲ್ಲೋ ಒಂದು ತಂಗುದಾಣ ಬರುತ್ತದೆ, ಅದರ ಮೇಲೆ ದೊಡ್ಡ ಹೆಸರು ಬರುತ್ತದೆ. ಸ್ಥಾವರ–ಜಂಗಮದ ವಿಚಾರವನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ತಂಗುದಾಣ ಸ್ಥಾವರ, ಬಸ್ಸು ಜಂಗಮ. ನಾವು ಸ್ಥಾವರಕ್ಕೆ ಬಣ್ಣ ಹಚ್ಚುತ್ತಾ ಕೂತಿದ್ದೇವೆ. ಅಲ್ಲಿ ಈಗ ಇಸ್ಪೀಟು ನಡೆಯುತ್ತದೆ, ದನ ಮಲಗುತ್ತವೆ. ದನಗಳ ಮೇಲೆ ನನಗೆ ದೂರಿಲ್ಲ.

ಡಿಪೋದವರು ಒಂದು ಅರ್ಜಿ ಬಂದರೆ ಏನು ನೋಡುತ್ತಾರೆ? ಬಸ್ಸು ಕಿಲೋಮೀಟರಿಗೆ ಎಷ್ಟು ದುಡಿಯುತ್ತದೆ, ಎಷ್ಟು ಸೀಟು ತುಂಬುತ್ತದೆ, ಗಾಡಿ ಇದೆಯೋ, ಚಾಲಕ ಇದ್ದಾನೋ, ರಸ್ತೆ ಹೇಗಿದೆ, ತಿರುಗಿಸಲು ಜಾಗ ಇದೆಯೋ. ‘ನಮ್ಮ ಗ್ರಾಮಕ್ಕೆ ಬಸ್ ಸೌಕರ್ಯ ಕಲ್ಪಿಸಬೇಕೆಂದು ಕೋರುತ್ತೇವೆ’ ಎಂದು ಬರೆದ ಅರ್ಜಿಯಲ್ಲಿ ಇವುಗಳಿಗೆ ಒಂದಕ್ಕೂ ಉತ್ತರ ಇರುವುದಿಲ್ಲ. ಅದು ಫೈಲಿಗೆ ಹೋಗುತ್ತದೆ. ಅದರ ಬದಲು ಒಂದು ವಾರ ಊರಿನ ನಾಲ್ಕು ಹುಡುಗರು ಬೆಳಿಗ್ಗೆ ಐದರಿಂದ ಎಂಟರ ತನಕ, ಸಂಜೆ ನಾಲ್ಕರಿಂದ ಎಂಟರ ತನಕ ನಿಲ್ದಾಣದಲ್ಲಿ ಕೂತು ಬರೆಯಲಿ. ಎಷ್ಟು ಜನ, ಎಲ್ಲಿಗೆ, ಯಾವುದರಲ್ಲಿ ಹೋದರು, ಎಷ್ಟು ಕೊಟ್ಟರು. ಪಾಸು ಇರುವ ಮಕ್ಕಳು ಎಷ್ಟು. ಅಕ್ಕಪಕ್ಕದ ಊರು, ಕೋಳೂರು, ಸಿಂದಿಗೇರಿ, ಓರ್ವಾಯಿ, ಅವರೂ ಅದನ್ನೇ ಬರೆಯಲಿ. ಒಂದು ಊರು ಬಸ್ಸು ಕೇಳಿದರೆ ಅದು ಬೇಡಿಕೆ. ನಾಲ್ಕು ಪಂಚಾಯ್ತಿ ಸೇರಿ ಒಂದು ಮಾರ್ಗ, ಒಂದು ವೇಳಾಪಟ್ಟಿ ಬರೆದುಕೊಟ್ಟರೆ ಅದು ಅಧಿಕಾರಿಯ ಅರ್ಧ ಕೆಲಸ ಮುಗಿಸಿಕೊಟ್ಟ ಹಾಗೆ. ಊರೂರಿನವರು ನಮ್ಮೂರಿಗೆ ಮೊದಲು, ನಮ್ಮೂರಿಗೆ ಮೊದಲು ಎಂದು ಜಗಳಾಡದೆ ಕೂತರೆ, ಅಂತ ಸೇರಿಸಬೇಕು.

ತಾಯಂದಿರಿಗೆ ಒಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಟಿಕೆಟ್ಟಿಗೆ ದುಡ್ಡಿಲ್ಲ, ಆದರೆ ಟಿಕೆಟ್ಟು ಇದೆ. ಕಂಡಕ್ಟರು ಶೂನ್ಯ ಮೊತ್ತದ ಟಿಕೆಟ್ ಹರಿದು ಕೊಡಬೇಕು, ನೀವು ಪಡೆಯಬೇಕು. ‘ಹೇಗೂ ಪುಕ್ಕಟೆ, ಚೀಟಿ ಯಾಕೆ’ ಎಂದು ಬಿಡಬೇಡಿ. ಆ ಚೀಟಿಯ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುತ್ತದೆ. ಚೀಟಿ ಇಲ್ಲದಿದ್ದರೆ ನೀವು ಆ ಬಸ್ಸಿನಲ್ಲಿ ಕೂತೇ ಇಲ್ಲ ಎಂದು ಲೆಕ್ಕ. ನಿಮ್ಮೂರಿನ ಬಸ್ಸು ಖಾಲಿ ಓಡುತ್ತಿದೆ ಎಂದು ಕಾಗದದ ಮೇಲೆ ಕಾಣುತ್ತದೆ, ಮುಂದಿನ ವರ್ಷ ಆ ಬಸ್ಸು ಬೇರೆ ದಾರಿಗೆ ಹೋಗುತ್ತದೆ.

ಇನ್ನು ವಸ್ತಿ ಬಸ್ಸು. ರಾತ್ರಿ ಊರಲ್ಲಿ ನಿಂತು ಬೆಳಗಿನ ಜಾವ ಹೊರಡುವ ಬಸ್ಸು. ನಾನು ಹೇಳಿದ ಕೂಲಿಯವರಿಗೆ, ಕಾಲೇಜಿನ ಮಕ್ಕಳಿಗೆ, ಬೆಳಿಗ್ಗೆ ವಿಮ್ಸ್ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಲು ಸಾಲು ನಿಲ್ಲಬೇಕಾದ ಮುದುಕರಿಗೆ ಬೇಕಾಗಿರುವುದು ಇದೇ. ವಸ್ತಿ ಬಸ್ಸು ಎಷ್ಟೋ ಕಡೆ ಯಾಕೆ ನಿಂತುಹೋಗುತ್ತದೆ ಗೊತ್ತೆ? ಚಾಲಕ, ನಿರ್ವಾಹಕರಿಗೆ ಮಲಗಲು ಜಾಗ ಇಲ್ಲ. ಬಸ್ಸಿನ ಸೀಟಿನ ಮೇಲೆ ಸೊಳ್ಳೆ ಕಚ್ಚಿಸಿಕೊಂಡು ಮಲಗುತ್ತಾರೆ. ಶೌಚಾಲಯ ಇಲ್ಲ. ಈಗ ನಿರ್ವಾಹಕರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ, ಅವರೇನು ಮಾಡಬೇಕು? ರಾತ್ರಿ ಒಂದು ಊಟ ಸಿಗುವುದಿಲ್ಲ. ನಿದ್ದೆಯಿಲ್ಲದ ಆ ಮನುಷ್ಯನ ಕೈಯಲ್ಲಿ ಬೆಳಿಗ್ಗೆ ನಮ್ಮ ಮಕ್ಕಳನ್ನು ಕೂರಿಸುತ್ತೇವೆ. ಒಂದು ಕೋಣೆ, ಒಂದು ಫ್ಯಾನು, ಒಂದು ಶೌಚಾಲಯ, ಒಂದು ದೀಪ, ಇದನ್ನು ಪಂಚಾಯ್ತಿ ಮಾಡಬಹುದು. ಇದಕ್ಕೆ ಕಲಬುರಗಿಯ ಅಪ್ಪಣೆ ಬೇಕಿಲ್ಲ. ಊಟ? ಪ್ರತಿದಿನ ದಾಸೋಹ ನಡೆಸುವ ಮಠಗಳಿಗೆ ಇಬ್ಬರ ಊಟ ಭಾರವೆ? ಕಾಯಕ ಮತ್ತು ದಾಸೋಹದ ಮೇಲೆ ಮಾತಾಡು ಎಂದಿರಲ್ಲ, ಇಷ್ಟೇ ನನ್ನ ಉಪನ್ಯಾಸ. ಬಸ್ಸು ಓಡಿಸುವವನದು ಕಾಯಕ. ಅವನಿಗೆ ರಾತ್ರಿ ರೊಟ್ಟಿ ಹಾಕುವುದು ದಾಸೋಹ.

ಇದು ಬರೀ ಮಾತಲ್ಲ ಎನ್ನಲು ನೆರೆಯ ಕೇರಳದ ಉದಾಹರಣೆ ಕೊಡುತ್ತೇನೆ. ಅಲ್ಲಿ 2022ರ ಜುಲೈನಲ್ಲಿ ‘ಗ್ರಾಮವಂಡಿ’ ಎಂಬ ಯೋಜನೆ ಶುರುವಾಯಿತು. ತಿರುವನಂತಪುರ ಜಿಲ್ಲೆಯ ಕೊಲ್ಲಯಿಲ್ ಪಂಚಾಯ್ತಿಯಲ್ಲಿ ಮೊದಲ ಬಸ್ಸು ಹೊರಟಿತು. ಡೀಸೆಲ್ ಖರ್ಚು ಪಂಚಾಯ್ತಿಯದು. ಗಾಡಿ, ಚಾಲಕ, ರಿಪೇರಿ, ಸಂಬಳ ಸಾರಿಗೆ ನಿಗಮದ್ದು. ಯಾವ ದಾರಿಯಲ್ಲಿ, ಎಷ್ಟು ಗಂಟೆಗೆ ಓಡಬೇಕು ಎನ್ನುವುದರಲ್ಲಿ ಪಂಚಾಯ್ತಿಯ ಮಾತು ನಡೆಯುತ್ತದೆ. ಬಸ್ಸು ರಾತ್ರಿ ನಿಲ್ಲುವ ಜಾಗ, ಸಿಬ್ಬಂದಿ ತಂಗುವ ಏರ್ಪಾಡನ್ನೂ ಪಂಚಾಯ್ತಿಯೇ ನೋಡಿಕೊಳ್ಳಬೇಕು. ನಮ್ಮ ಪಂಚಾಯ್ತಿಗಳ ಬೊಕ್ಕಸ ಕೇರಳದ ಹಾಗಿಲ್ಲ, ಕಾನೂನೂ ಅದೇ ಅಲ್ಲ. ಇಲ್ಲಿ ಹಾಗೇ ಮಾಡಿ ಎಂದು ನಾನು ಹೇಳುವುದಿಲ್ಲ. ಆದರೆ 371(ಜೆ) ಹೆಸರಿನಲ್ಲಿ ಹಿಂದುಳಿದ ಭಾಗ ಎಂದು ಅನುದಾನ ಕೇಳುವಾಗ ಸಮುದಾಯ ಭವನ, ಸ್ವಾಗತ ಕಮಾನು ಬಿಟ್ಟು ಇಂಥದ್ದನ್ನೂ ಕೇಳಬಹುದಲ್ಲ.

ಇಷ್ಟು ಬಸ್ಸಿನ ಮಾತು. ಈಗ ಹೊಳೆಯ ಕಡೆಗೆ ಬರೋಣ.

2024ರ ಆಗಸ್ಟ್ 10ರ ರಾತ್ರಿ ನಿಮಗೆ ನೆನಪಿದೆ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲೆ ಒತ್ತಡ ಬೀಳಬಾರದೆಂದು ಉಳಿದ ಗೇಟುಗಳನ್ನೂ ಎತ್ತಿದರು. ಕಂಪ್ಲಿ, ಸಿರುಗುಪ್ಪದ ಹೊಳೆ ದಂಡೆಯವರು ಎಚ್ಚರ ಇರಬೇಕೆಂದು ಸುದ್ದಿ ಹೊರಟಿತು. ಕನ್ನಯ್ಯ ನಾಯ್ಡು ಎಂಬ ಹಿರಿಯ ಗೇಟು ತಜ್ಞರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದೇ ವಾರದಲ್ಲಿ ಆ ಬಾಯಿ ಮುಚ್ಚಿದರು. ಆ ವೃದ್ಧರ ಮತ್ತು ಆ ಕಾರ್ಮಿಕರ ಕಾಯಕಕ್ಕೆ ಕೈ ಮುಗಿಯಬೇಕು. ನಮ್ಮ ಬೆಳೆ ಉಳಿಯಿತು. ಆದರೆ ಆ ರಾತ್ರಿ ನಿಮ್ಮ ನಿಮ್ಮ ಊರಿನಲ್ಲಿ ಏನು ನಡೆಯಿತು? ಮೊಬೈಲಿನಲ್ಲಿ ‘ಡ್ಯಾಂ ಒಡೆದಿದೆ’ ಎಂಬ ಸುಳ್ಳು ಸುದ್ದಿ ಒಂದು ಕಡೆ, ‘ಏನೂ ಆಗಿಲ್ಲ, ಮಲಗಿ’ ಎಂಬುದು ಇನ್ನೊಂದು ಕಡೆ. ಯಾರ ಮಾತು ನಂಬಬೇಕು, ಡಂಗುರ ಯಾರು ಸಾರಬೇಕು, ಗುಡಿಯ ಮೈಕು ಯಾರ ಕೈಯಲ್ಲಿ ಇರಬೇಕು ಎಂದು ಮೊದಲೇ ಗೊತ್ತು ಮಾಡಿಟ್ಟುಕೊಂಡ ಊರು ಎಷ್ಟಿದ್ದವು? ನೀವೇ ಲೆಕ್ಕ ಹಾಕಿ.

ಬಾದನಹಟ್ಟಿ ಹೊಳೆ ದಂಡೆಯ ಊರಲ್ಲ, ನಮಗೇಕೆ ಈ ಚಿಂತೆ ಎಂದು ಕೇಳಬಹುದು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆಯನ್ನು ನೆನೆಸಿಕೊಳ್ಳಿ. ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯೂ ಬಂದಳು, ಹಗರಿಯೂ ಬಂದಳು. ಕೆಳಗಡೆ ಮಂತ್ರಾಲಯದ ಮಠವೇ ನೀರಿನಲ್ಲಿ ಮುಳುಗಿ ಭಕ್ತರು ಸಿಕ್ಕಿಹಾಕಿಕೊಂಡರು. ಹೊಳೆ ಬರದ ಊರಿಗೆ ಹೊಳೆ ದಂಡೆಯವರು ಬರುತ್ತಾರೆ. ಮಕ್ಕಳು, ಮುದುಕರು, ದನ, ಕುರಿ, ಒದ್ದೆ ಗಂಟು ಎಲ್ಲದರ ಜೊತೆ ಬರುತ್ತಾರೆ. ಆದ್ದರಿಂದ ಎತ್ತರದ ಊರಿಗೂ ಒಂದು ಯೋಜನೆ ಬೇಕು. ಬಂದವರು ಎಲ್ಲಿ ಇಳಿಯಬೇಕು, ದನ ಎಲ್ಲಿ ಕಟ್ಟಬೇಕು, ಮೇವು ಯಾರ ಬಣವೆಯಿಂದ, ಕುಡಿಯುವ ನೀರು ಎಷ್ಟು ಜನಕ್ಕೆ ಸಾಕು. ಮತ್ತೆ ಅವರನ್ನು ಕರೆತರುವುದು ಯಾವುದರಲ್ಲಿ? ಬಸ್ಸಿನಲ್ಲಿ. ವಸ್ತಿ ಬಸ್ಸು ನಿಂತ ಊರಿನಲ್ಲಿ ಮಧ್ಯರಾತ್ರಿ ಒಂದು ದೊಡ್ಡ ಗಾಡಿಯೂ ಅದನ್ನು ಓಡಿಸಬಲ್ಲ ಒಬ್ಬ ಚಾಲಕನೂ ಇರುತ್ತಾರೆ. ನಾನು ಎರಡು ವಿಷಯವನ್ನು ಯಾಕೆ ಒಂದೇ ಉಸಿರಿನಲ್ಲಿ ಹೇಳುತ್ತಿದ್ದೇನೆ ಎಂದು ಈಗ ಗೊತ್ತಾಯಿತಲ್ಲ.

ಕಾನೂನು ಏನು ಹೇಳುತ್ತದೆ? 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲೆಗೆ ಒಂದು ಪ್ರಾಧಿಕಾರ. ಜಿಲ್ಲಾಧಿಕಾರಿ ಅಧ್ಯಕ್ಷರು. ಅವರ ಪಕ್ಕದಲ್ಲಿ ಸಹ ಅಧ್ಯಕ್ಷರಾಗಿ ಜನರಿಂದ ಆರಿಸಿಬಂದ ಪ್ರತಿನಿಧಿ ಕೂರಬೇಕು, ಅಂದರೆ ಜಿಲ್ಲಾ ಪಂಚಾಯ್ತಿಯ ಅಧ್ಯಕ್ಷರು. ನಮ್ಮ ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ಇವತ್ತಿನ ತನಕ ಚುನಾವಣೆ ನಡೆದಿಲ್ಲ. ಆ ಕುರ್ಚಿ ಖಾಲಿ. ಯಾವ ಪಕ್ಷದ ಸರ್ಕಾರ ಬಂದರೂ ಖಾಲಿ. ತಾಲ್ಲೂಕು ಪಂಚಾಯ್ತಿ ಸಭೆಯಲ್ಲಿ ಎದ್ದು ನಿಂತು ‘ಏನ್ರೀ, ನಮ್ಮೂರ ಬಸ್ಸು ಯಾಕೆ ನಿಂತಿತು’ ಎಂದು ಡಿಪೋ ಮ್ಯಾನೇಜರನ್ನು ಕೇಳುತ್ತಿದ್ದ ಸದಸ್ಯನ ಕುರ್ಚಿಯೂ ಖಾಲಿ. ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತು ಎಂದು ಭಾಷಣ ಮಾಡುವ ನಾಯಕರು ನಮ್ಮ ಮಠಗಳ ವೇದಿಕೆಗೆ ಬರುತ್ತಲೇ ಇರುತ್ತಾರೆ. ಅವರಿಗೆ ಹಾರ ಹಾಕುವಾಗ ಪೂಜ್ಯರು ಈ ಖಾಲಿ ಕುರ್ಚಿಯ ಬಗ್ಗೆ ಒಂದು ಮಾತು ಕೇಳಬೇಕೆಂದು ನನ್ನ ಪ್ರಾರ್ಥನೆ. ಹಾರ ಹಾಕುವ ಮೊದಲೇ ಕೇಳಿದರೆ ಇನ್ನೂ ಒಳ್ಳೆಯದು.

ಅದೇ ಕಾಯ್ದೆಯ 41ನೇ ಕಲಮು ಸ್ಥಳೀಯ ಸಂಸ್ಥೆಗಳಿಗೂ ಕೆಲಸ ಹೇಳಿದೆ. ಸಿಬ್ಬಂದಿಗೆ ತರಬೇತಿ ಕೊಡಿಸಿ, ಸಾಮಗ್ರಿ ಸಿದ್ಧ ಇಟ್ಟುಕೊಳ್ಳಿ, ಪರಿಹಾರದ ಕೆಲಸ ಮಾಡಿ ಎಂದು. ಅಂದರೆ ಗ್ರಾಮ ಪಂಚಾಯ್ತಿ ತಹಸೀಲ್ದಾರರ ಫೋನಿಗೆ ಕಾಯುತ್ತ ಕೂರಬೇಕಾದ ಕಚೇರಿ ಅಲ್ಲ. ಗ್ರಾಮಸಭೆಯನ್ನು ಆರು ತಿಂಗಳಿಗೆ ಒಂದಾದರೂ ನಡೆಸಲೇಬೇಕು. ಮುಂದಿನ ಸಭೆಯಲ್ಲಿ ಮನೆ, ಶೌಚಾಲಯ, ಚರಂಡಿ ಪಟ್ಟಿ ಮುಗಿದ ಮೇಲೆ ಒಂದು ತಾಸು ಇದಕ್ಕೆ ಇಡಿ.

ಯೋಜನೆ ಅಂದರೆ ದಪ್ಪ ಪುಸ್ತಕ ಅಲ್ಲ. ಒಂದು ಸಂಗತಿಯನ್ನು ಊಹಿಸಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಮೂರು ಫೇಸ್ ಕರೆಂಟು ಬಂತೆಂದು ಗದ್ದೆಗೆ ನೀರು ಕಟ್ಟಲು ಹೋದ ಹುಡುಗನಿಗೆ ಹಾವು ಕಚ್ಚಿತು. ಕೊಳಕುಮಂಡಲವೋ ಕಟ್ಟುಹಾವೋ ಕತ್ತಲಲ್ಲಿ ಗೊತ್ತಾಗುವುದಿಲ್ಲ. ಅವನ ಫೋನಿನಲ್ಲಿ ಚಾರ್ಜಿಲ್ಲ, ಪಕ್ಕದ ಹೊಲದವನು ಓಡಿ ಬಂದ. ಈಗ ಯಾರಿಗೆ ಫೋನು? 108. ಆ ಗಾಡಿ ಬೇರೆ ಊರಿಗೆ ಹೋಗಿದ್ದರೆ? ಆಗ ಯಾರ ಕಾರು, ಯಾರ ಜೀಪು? ಆ ಗಾಡಿಯವನು ರಾತ್ರಿ ಬರುತ್ತೇನೆಂದು ಮೊದಲೇ ಒಪ್ಪಿದ್ದಾನೋ? ಡೀಸೆಲ್ ದುಡ್ಡು ಯಾರದು? ಹೊಲದ ದಾರಿಯಲ್ಲಿ ಗಾಡಿ ಎಲ್ಲಿಯ ತನಕ ಬರುತ್ತದೆ? ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಮದ್ದು ಇವತ್ತು ಇದೆ, ಅಲ್ಲಿ ರಾತ್ರಿ ವೈದ್ಯರು ಇದ್ದಾರೋ? ಇಷ್ಟಕ್ಕೂ ಉತ್ತರ ಒಂದು ಹಾಳೆಯಲ್ಲಿ ಬರೆದು ಪಂಚಾಯ್ತಿ, ಮಠ, ಅಂಗನವಾಡಿ, ಹೋಟೆಲಿನ ಗೋಡೆಗೆ ಅಂಟಿಸಿ. ಅದೇ ಯೋಜನೆ. ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಅಂದರೆ ಅದು ಹಣೆಬರಹ ಅಲ್ಲ, ತಡೆಯಬಹುದಾದ ಸಾವು ಎಂದು ಸರ್ಕಾರವೇ ಒಪ್ಪಿದ ಹಾಗೆ. ಕಚ್ಚಿದ ಜಾಗ ಕೊಯ್ಯಬೇಡಿ, ಹೀರಬೇಡಿ, ಹಗ್ಗ ಬಿಗಿಯಬೇಡಿ. ಕಾಲು ಅಲುಗದ ಹಾಗೆ ಮಲಗಿಸಿ ಆಸ್ಪತ್ರೆಗೆ ಒಯ್ಯಿರಿ. ಮಂತ್ರ ಹಾಕುವವರ ಹತ್ತಿರ ಮೊದಲು ಹೋಗುವ ಪದ್ಧತಿ ನಮ್ಮ ಭಕ್ತರಲ್ಲೂ ಇನ್ನೂ ಇದೆ. ಇದನ್ನು ನಾನು ಹೇಳಿದರೆ ಸಾಲದು, ಪೂಜ್ಯರು ಹೇಳಿದರೆ ಜನ ಕೇಳುತ್ತಾರೆ.

ಬೆಂಕಿಯ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಹುಲ್ಲು ಹೇರಿದ ಟ್ರ್ಯಾಕ್ಟರಿಗೆ ಜೋತುಬಿದ್ದ ಕರೆಂಟು ತಂತಿ ತಗುಲಿ ಹೊತ್ತಿಕೊಳ್ಳುವುದು ಪ್ರತಿ ಸುಗ್ಗಿಯಲ್ಲೂ ಕೇಳುವ ಸುದ್ದಿ. ಜೋತುಬಿದ್ದ ತಂತಿ ಯಾವ ಯಾವ ದಾರಿಯಲ್ಲಿವೆ ಎಂದು ಬರೆದು ಸುಗ್ಗಿಗೆ ಮೊದಲೇ ಜೆಸ್ಕಾಂನವರಿಗೆ ಕೊಡಿ, ಸ್ವೀಕೃತಿ ಪಡೆಯಿರಿ.

ಆಪತ್ತಿನಲ್ಲಿ ಮೊದಲು ಕೈ ಚಾಚುವವರು ಯಾರು ಎಂಬುದನ್ನೂ ನೋಡಬೇಕು. 2018ರಲ್ಲಿ ಕೇರಳ ಮುಳುಗಿದಾಗ ಮನೆಮಾಳಿಗೆ ಹತ್ತಿ ಕೂತ ಸಾವಿರಾರು ಜನರನ್ನು ಇಳಿಸಿ ತಂದವರು ಸಮುದ್ರದ ಮೀನುಗಾರರು. ತಮ್ಮ ದೋಣಿಗಳನ್ನು ಲಾರಿಯ ಮೇಲೆ ಹೇರಿಕೊಂಡು ಒಳನಾಡಿಗೆ ಬಂದರು. ನಮ್ಮ ಅಂಬಿಗರ ಚೌಡಯ್ಯನವರನ್ನು ನಾವು ಜಯಂತಿಯ ದಿನ ನೆನೆಯುತ್ತೇವೆ. ಇವತ್ತು ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರು, ಈಜು ಬಲ್ಲವರು ಯಾವ ಊರಿನಲ್ಲಿ ಎಷ್ಟು ಜನ ಇದ್ದಾರೆ ಎಂಬ ಪಟ್ಟಿ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲದಿದ್ದರೆ ಆ ನೆನಪು ಎಂಥದ್ದು? ಕೇರಳದವರು ಆ ನೆರೆಯಾದ ಮೇಲೆ ಪ್ರತಿ ಸ್ಥಳೀಯ ಸಂಸ್ಥೆಯೂ ತನ್ನದೇ ವಿಪತ್ತು ಯೋಜನೆ ಬರೆಯಬೇಕೆಂದು ಹೊರಟರು. ನಾವು 2009 ಆಯಿತು, 2024 ಆಯಿತು, ಮುಂದಿನದಕ್ಕೆ ಕಾಯುತ್ತಿದ್ದೇವೆ.

ಕೊನೆಯದಾಗಿ ಕಷ್ಟದ ಒಂದು ಮಾತು. ನೆರೆ ಬಂದರೆ, ಬೆಂಕಿ ಬಿದ್ದರೆ ಊರಿನಲ್ಲಿ ದೊಡ್ಡ ಜಾಗ, ದೊಡ್ಡ ಪಾತ್ರೆ, ನೀರಿನ ತೊಟ್ಟಿ, ಒಲೆ ಇರುವುದು ಮಠದಲ್ಲಿ, ಗುಡಿಯ ಕಲ್ಯಾಣ ಮಂಟಪದಲ್ಲಿ. ಅದನ್ನೇ ಪರಿಹಾರ ಕೇಂದ್ರ ಎಂದು ಗೊತ್ತು ಮಾಡುತ್ತೇವೆ. ಆಗ ಕೇರಿಯವರು ಬಂದರೆ ಎಲ್ಲಿ ಮಲಗುತ್ತಾರೆ? ಎಲ್ಲಿ ಉಣ್ಣುತ್ತಾರೆ? ಹೊರಗಿನ ಪಡಸಾಲೆಯಲ್ಲೋ, ಒಳಗಿನ ಹಜಾರದಲ್ಲೋ? ಮುಸಲ್ಮಾನರ ಮನೆ ಮುಳುಗಿದರೆ? ಕಟಾವಿಗೆ ಬೇರೆ ಜಿಲ್ಲೆಯಿಂದ ಬಂದು ಗುಡಿಸಲು ಹಾಕಿಕೊಂಡವರು ಯಾವ ಪಟ್ಟಿಯಲ್ಲೂ ಇಲ್ಲ, ಅವರು? ಆ ರಾತ್ರಿ ನಿಂತು ಇದನ್ನು ತೀರ್ಮಾನಿಸಲು ಹೋದರೆ ಹಳೆಯ ರೂಢಿಯೇ ಗೆಲ್ಲುತ್ತದೆ, ಯಾಕೆಂದರೆ ರೂಢಿಗೆ ಯೋಜನೆ ಬೇಕಿಲ್ಲ. ಬಿಸಿಲು ಇರುವಾಗ, ಎಲ್ಲರೂ ಸಮಾಧಾನದಲ್ಲಿ ಇರುವಾಗ ಬರೆದಿಡಬೇಕು. ಒಂದೇ ಬಾಗಿಲು, ಒಂದೇ ಪಂಕ್ತಿ, ಒಂದೇ ಒಲೆ. ಕೀಲಿ ಯಾರ ಹತ್ತಿರ, ಅವರಿಲ್ಲದಿದ್ದರೆ ಯಾರ ಹತ್ತಿರ, ಹೆಸರು ಸಮೇತ. ಮತ್ತೆ ಊರಿನಲ್ಲಿ ನಡೆಯಲಾರದವರ ಪಟ್ಟಿ ಆಶಾ ಕಾರ್ಯಕರ್ತೆಯರ ಹತ್ತಿರ ಅರ್ಧ ಇದೆ. ಬಸುರಿಯರು, ಬಾಣಂತಿಯರು, ಹಾಸಿಗೆ ಹಿಡಿದವರು. ಉಳಿದ ಅರ್ಧವನ್ನು ಅಕ್ಕನ ಬಳಗದವರು ಒಂದು ಭಾನುವಾರ ಓಣಿ ಓಣಿ ತಿರುಗಿ ತುಂಬಬಹುದು. ಕೇರಿಯಿಂದ ಶುರು ಮಾಡಿ, ದೊಡ್ಡ ಮನೆಗಳನ್ನು ಕೊನೆಗೆ ಬರೆದುಕೊಳ್ಳಿ. ದೊಡ್ಡ ಮನೆಯವರಿಗೆ ಹೇಗೂ ಕಾರು ಇರುತ್ತದೆ.

ಪ್ರಸಾದ ಸಿದ್ಧವಾಗಿದೆ ಎಂದು ಸನ್ನೆ ಮಾಡುತ್ತಿದ್ದಾರೆ. ಬಾಗಿಲ ಹತ್ತಿರ ಮೇಜಿನ ಮೇಲೆ ಎರಡು ನೋಟ್‌ಬುಕ್ ಇಟ್ಟಿದ್ದೇವೆ. ಒಂದರಲ್ಲಿ, ನಿಮ್ಮ ಮನೆಯವರು ದಿನಾ ಎಷ್ಟು ಗಂಟೆಗೆ ಎಲ್ಲಿಗೆ ಹೋಗಬೇಕು, ಎಷ್ಟಕ್ಕೆ ಮರಳಬೇಕು ಎಂದು ಬರೆಯಿರಿ. ಇನ್ನೊಂದರಲ್ಲಿ ರಾತ್ರಿ ಕರೆದರೆ ಬರುವ ಗಾಡಿಯವರು, ಈಜು ಬಲ್ಲವರು ತಮ್ಮ ಹೆಸರು ಬರೆಸಲಿ. ಬರೆಯಲು ಬಾರದವರಿಗೆ ಹೈಸ್ಕೂಲಿನ ಇಬ್ಬರು ಮಕ್ಕಳು ಬರೆದುಕೊಡುತ್ತಾರೆ. ಮೊದಲನೆಯ ಪುಸ್ತಕ ಗ್ರಾಮಸಭೆಗೆ ಹೋಗುತ್ತದೆ, ಎರಡನೆಯದು ಮಠದಲ್ಲೇ ಇರುತ್ತದೆ.